ಅಳಿಸಲಾಗದ ಪಟ್ಟಿಯೊಳಗೆ ನನ್ನ ಹೆಸರು ಬಿದ್ದದ್ದು

ಮೈಸೂರಿಗೆ ಬಂದ ಮರುದಿನ ಮುಂಜಾನೆ ರೊಟ್ಟಿ ಬಡಿಯಲಿಕ್ಕೆ ಕೂತೆ. ಐದನೇ ರೊಟ್ಟಿಗೆ ಮ್ಯಾಲಿನ ಮನಿಯಿಂದ ನಾಲ್ಕು ಮಂದಿ ದಡದಡ ಮೆಟ್ಟಲಿಳಿದು ಬಂದು ಬಾಗಿಲ ಮುಂದೆ ನಿಂತರು. ಒಬ್ಬನ ಕಾಲಾಗ ಚಪ್ಪಲಿ ಇಲ್ಲ, ಇನ್ನೊಬ್ಬನ ಕಿವಿಗೆ ವೈರು ಜೋತಾಡುತ್ತಿತ್ತು. ಯಾರೋ ಗೋಡೆ ಒಡೆಯುತ್ತಿದ್ದಾರೆ ಅಂತ ತಿಳಿದು ಬಂದಿದ್ದರಂತೆ.

"ಅಜ್ಜಿ, ಏನದು ಸೌಂಡು?"

"ರೊಟ್ಟಿ."

"ರೊಟ್ಟಿನ ಯಾಕಜ್ಜಿ ಹಿಂಗೆ ಹೊಡೀತೀರಾ?"

"ಬಡೀದಿದ್ದರ ಅದು ರೊಟ್ಟಿ ಆಗೂದಿಲ್ಲ. ಬಂದೀರಿ, ಒಂದೊಂದು ತಿಂದು ಮ್ಯಾಲ ಹೋಗ್ರಿ."

ನಿಮಗೆ ಗೊತ್ತದ, ನಮ್ಮೂರಾಗ ಒಂದು ಮನಿಯಿಂದ ಮುಂಜಾನೆ ರೊಟ್ಟಿ ಸಪ್ಪಳ ಬರಲಿಲ್ಲ ಅಂದರೆ ಮಂದಿ ಓಡಿ ಬರುತ್ತಾರೆ, ಯಾರಿಗೆ ಜಡ್ಡು ಬಂತು ಅಂತ ಕೇಳಲಿಕ್ಕೆ. ಇಲ್ಲಿ ಸಪ್ಪಳ ಬಂತು ಅಂತ ಓಡಿ ಬಂದರು. ಅವತ್ತೇ ಅಂದುಕೊಂಡೆ, ಇದು ಬ್ಯಾರೆ ಊರು.

ನಮ್ಮೂರ ಕಲಿಕಾ ಕೇಂದ್ರದ ಅಕ್ಕೋರು ಫೋನು ಮಾಡಿ, "ನೀಲವ್ವ, ಪರ ಊರಿಗೆ ಹೋದಾಕಿ ನೀನು, ಅಲ್ಲಿದ್ದದ್ದು ಬರದು ಕಳಸು, ನಮ್ಮ ಗ್ವಾಡಿ ಪತ್ರಿಕೆಗೆ ಹಚ್ಚತೀವಿ" ಅಂತ ಹೇಳಿ ವರ್ಷ ದಾಟಿತು. ಐವತ್ತರ ಮ್ಯಾಲೆ ಅಕ್ಷರ ಕಲಿತಾಕಿ ನಾನು. ಒಂದು ಹಾಳೆ ತುಂಬಿಸುವಷ್ಟರಲ್ಲಿ ಒಂದು ಪಡಿ ಜೋಳ ಹಸನು ಮಾಡಿ ಮುಗಿಸಬಹುದು. ಪುಸ್ತಕದ ಮಾತಿನಾಗ ಬರಿ ಅಂದಿದ್ದಾರೆ. ಆದಷ್ಟು ಬರೆಯುತ್ತೇನೆ. ನಡುವೆ ಬಾಯಿಮಾತು ನುಗ್ಗಿದರೆ ನೀವೇ ಸರಿ ಮಾಡಿಕೊಂಡು ಓದಿರಿ.

ನಾನು ಇಲ್ಲಿಗೆ ಬಂದದ್ದು ಎರಡು ತಿಂಗಳಿಗೆ. ಮಗಳು ಶಾಂತಾ ಇಲ್ಲಿ ಒಂದು ದವಾಖಾನಿಯೊಳಗೆ ನರ್ಸು. ನನ್ನ ಮೊಣಕಾಲು ಬಾತು ಹೊಳಿ ದಂಡಿ ಇಳಿಯಲಿಕ್ಕೆ ಆಗದಾದಾಗ ಬಂದಳು, ಗಂಟು ಕಟ್ಟಿದಳು, ರೈಲು ಹತ್ತಿಸಿದಳು. ಬಾದಾಮಿ ಸ್ಟೇಶನ್ನಿನಾಗ ನೀವು ಏಳೆಂಟು ಮಂದಿ ಬಂದು ನಿಂತಿದ್ದಿರಿ. ಎರಡು ತಿಂಗಳ ಮಾತಿಗೆ ಇಷ್ಟು ಮಂದಿ ಯಾಕೆ ಅಂತ ಬೈದೆ. ಮೊನ್ನೆ ಉಗಾದಿಗೆ ಮೂರು ವರ್ಷ ತುಂಬಿತು.

ವಿದ್ಯಾರಣ್ಯಪುರಂ ಅಂತ ಈ ಬಡಾವಣಿ ಹೆಸರು. ಎರಡು ಕೋಣಿ, ಒಂದು ಅಡಗಿಮನಿ. ನೀರು ನಳದಾಗ ಬರುತ್ತದೆ, ಬಿಸಲು ನಮ್ಮ ಕಡೆಯದರ ಅರ್ಧ. ಇವೆಲ್ಲಾ ಛಲೋ. ಆದರೆ ಮನಿ ಮುಂದೆ ಕಟ್ಟಿ ಇಲ್ಲ. ಒಂದು ಮನಿಗೂ ಇಲ್ಲ. ಸಂಜಿ ಆದರೆ ಮನಷ್ಯಾರು ಎಲ್ಲಿ ಕೂಡಬೇಕು? ನಾನು ಗೇಟಿನ ಹತ್ತಿರ ಮೆಟ್ಟಲ ಮ್ಯಾಲೆ ಕೂತೆ. ಹೋಗುವವರು ಬರುವವರು ನಿಂತು ಮರ್ಯಾದಿಯಿಂದ ಕೇಳುತ್ತಿದ್ದರು, "ಯಾರಾದ್ರೂ ಬರ್ಬೇಕಿತ್ತಾಮ್ಮ?" ಯಾರೂ ಬರೋದಿಲ್ಲ, ಸುಮ್ಮನೆ ಕೂತೀನಿ ಅಂದರೆ ಪಾಪ ಅನ್ನುವ ಹಂಗ ನೋಡುತ್ತಿದ್ದರು. ಒಂದು ವಾರ ನೋಡಿದೆ. ಆಮ್ಯಾಲೆ ಯಾರು ಕೇಳಿದರೂ "ಹೌದ್ರಿ, ಬರೋರದಾರ" ಅನ್ನಲಿಕ್ಕೆ ಹತ್ತಿದೆ. ಅವರಿಗೆ ಸಮಾಧಾನ, ನನಗೂ ಕೂಡಲಿಕ್ಕೆ ಒಂದು ನೆಪ.

ಮಾತಿನ ಕತಿ ಹೇಳುತ್ತೇನೆ. ನಾನು ಬಾಯಿ ತೆಗೆದರೆ ಸಾಕು, ಅಂಗಡಿಯವನು "ಹುಬ್ಬಳ್ಳಿ ಕಡೆಯವರಾ?" ಅನ್ನುತ್ತಾನೆ. ಅಲ್ಲಪ್ಪಾ, ಬಾದಾಮಿ ಅಂದರೆ "ಅದೇ, ಹುಬ್ಬಳ್ಳಿ ಸೈಡು" ಅನ್ನುತ್ತಾನೆ. ಹುಬ್ಬಳ್ಳಿಯ ಆಚೆ ಇರುವುದೆಲ್ಲಾ ಇವರಿಗೆ ಒಂದೇ ಊರು. ಇವರು ಬಿಡು ಅನ್ನುವುದಕ್ಕೆ "ಬುಡು" ಅನ್ನುತ್ತಾರೆ. ಬಂದುಬಿಟ್ಟೆ ಅನ್ನುವುದಕ್ಕೆ "ಬಂದ್ಬುಟ್ಟೆ". ಮಾತಿಗೊಮ್ಮೆ "ಕಣೋ", "ಕಣಮ್ಮ" ಅಂತ ಬಾಲ ಹಚ್ಚುತ್ತಾರೆ. ಬೈಯುತ್ತಿದ್ದಾರೋ ಮುದ್ದು ಮಾಡುತ್ತಿದ್ದಾರೋ ಮೊದಲ ಆರು ತಿಂಗಳು ನನಗೆ ತಿಳಿಯಲಿಲ್ಲ. ಇವರಿಗೂ ಹಂಗೇ. ನಾನು ಸುಮ್ಮನೆ ಮಾತಾಡಿದರೂ ಜಗಳ ಮಾಡುತ್ತಿದ್ದೇನೆ ಅಂತ ಒಂದು ಹೆಜ್ಜಿ ಹಿಂದಕ್ಕೆ ಸರಿಯುತ್ತಿದ್ದರು.

ಊಟದ್ದು ಕೇಳಬೇಡಿರಿ. ರಾಗಿ ಮುದ್ದಿ ಅಂತ ಮಾಡುತ್ತಾರೆ. ಉಂಡಿ ಕಟ್ಟಿ ಸಾರಿನಾಗ ಅದ್ದಿ ನುಂಗಬೇಕು, ಅಗಿಯಬಾರದು. ನಾನು ಅಗಿದೆ. ಹಲ್ಲಿಗೆ ಹತ್ತಿಕೊಂಡದ್ದು ಮಧ್ಯಾಹ್ನದವರೆಗೆ ಬಿಡಲಿಲ್ಲ. ಈಗ ನುಂಗುತ್ತೇನೆ. ಸೊಪ್ಪು ಬೇಯಿಸಿದ ನೀರಿನಾಗ ಮಾಡುವ ಬಸ್ಸಾರು ಅಂತ ಒಂದದ, ಅದನ್ನು ಕಲಿತೆ. ಕಲಿತದ್ದನ್ನು ಶಾಂತಾನ ಮುಂದೆ ಒಪ್ಪಿಕೊಳ್ಳಲಿಲ್ಲ.

ಈಗ ಮ್ಯಾಲಿನ ಮನಿಯವರ ಮಾತಿಗೆ ಬರುತ್ತೇನೆ. ಬರೆಯಲಿಕ್ಕೆ ಕೂತದ್ದೇ ಅದಕ್ಕೆ.

ಅವತ್ತು ಓಡಿ ಬಂದ ನಾಲ್ವರೂ ಕಂಪ್ಯೂಟರಿನ ಕೆಲಸದವರು. ಮನಿಯನ್ನೇ ಆಫೀಸು ಮಾಡಿಕೊಂಡಿದ್ದರು. ಅವರ ಹಿರಿಯಾ ನವೀನ ಅಂತ, ಇಲ್ಲೇ ಅಗ್ರಹಾರದಾಗ ಹುಟ್ಟಿ ಬೆಳೆದವನು. ಮರುದಿನ ಮತ್ತೆ ಬಂದ. "ಅಜ್ಜಿ, ಇವತ್ತೂ ರೊಟ್ಟಿ ಹೊಡೀತೀರಾ?" ಅಂದ. ಮೂರನೇ ದಿನ ನಾನೇ ಕರೆದೆ. ತಿಂಗಳಾಗುವುದರೊಳಗೆ ಅವರ ಮಧ್ಯಾಹ್ನದ ಊಟ ನನ್ನ ಅಡಗಿಮನಿಗೆ ಬಂತು. ಕೊಡಬೇಕಾದ್ದು ಕೊಡುತ್ತಾರೆ, ಅದು ಬಿಡಿರಿ. ದಿನಾ ಒಂದು ಗಂಟೆಗೆ ನಾನು ಮೆಟ್ಟಲ ಕೆಳಗೆ ನಿಂತು "ರೊಟ್ಟಿ ಆರತೈತಿ, ಬರ್ರಿ" ಅಂತ ಕೂಗುವುದು ನನಗೆ ಈ ಊರಿನಾಗ ಸಿಕ್ಕ ಮೊದಲ ಕೆಲಸ.

ನಾಲ್ಕು ಇದ್ದವರು ಏಳಾದರು, ಹನ್ನೊಂದಾದರು, ಈಗ ಹತ್ತೊಂಬತ್ತು. ಮಾಳಿಗಿ ಮ್ಯಾಲೆ ತಗಡು ಹೊದಿಸಿ ಅಲ್ಲೂ ಮೇಜು ಹಾಕಿದರು. ಬಿಹಾರದವನು ಒಬ್ಬ, ಕೇರಳದಾಕಿ ಒಬ್ಬಳು, ಕೊಳ್ಳೇಗಾಲದವರು ಇಬ್ಬರು. ಎರಡು ಪಂಕ್ತಿ ಮಾಡಿ ಉಣಿಸುತ್ತೇನೆ. ಮೆಟ್ಟಲ ತುಂಬ ಚಪ್ಪಲಿ.

ಇವರು ಮಾಡುವ ಕೆಲಸಕ್ಕೆ ಬ್ಲಾಕ್‌ಚೈನ್ ಅನ್ನುತ್ತಾರೆ. ಏನದು ಅಂತ ಕೇಳಿದ್ದಕ್ಕೆ ಒಬ್ಬೊಬ್ಬರೂ ಒಂದೊಂದು ಹೇಳಿದರು, ನನಗೆ ಒಂದೂ ಹತ್ತಲಿಲ್ಲ. ಹತ್ತಲಿಲ್ಲ ಅಂತ ಮುಖದ ಮ್ಯಾಲೇ ಹೇಳಿದೆ. ಅದೇ ಅವರಿಗೆ ಆಟವಾಯಿತು. ಹೊಸದಾಗಿ ಸೇರಿದವರನ್ನು ನನ್ನ ಮುಂದೆ ಕೂರಿಸುತ್ತಿದ್ದರು. "ಅಜ್ಜಿಗೆ ಅರ್ಥ ಮಾಡಿಸು ನೋಡೋಣ, ಆಮೇಲೆ ನಿನ್ನ ಕೆಲಸ." ಹನ್ನೆರಡು ಮಂದಿ ಸೋತರು. ಅರ್ಥ ಮಾಡಿಸಿದಾಕಿ ಪವಿತ್ರ.

ಪವಿತ್ರ ಹಿನಕಲ್ಲಿನ ಹುಡುಗಿ. ಹಿನಕಲ್ಲು ಮೊದಲು ಹಳ್ಳಿ, ಈಗ ಊರೇ ಬೆಳೆದು ಅದನ್ನು ನುಂಗಿದೆ. ಅವಳ ಅಪ್ಪ ಆಟೋ ಹೊಡೆಯುತ್ತಾನೆ. ಅವಳು ಬಂದ ದಿನ ನಾನು ಹರಕು ಸೀರಿ ತುಂಡು ಹರಡಿಕೊಂಡು ಕೌದಿ ಹೊಲಿಯುತ್ತಿದ್ದೆ. ಸುಮ್ಮನೆ ಪಕ್ಕಕ್ಕೆ ಕೂತು ನೋಡಿದಳು.

"ಅಜ್ಜಿ, ಈ ನಡುವಿನ ತುಂಡು ಕಿತ್ತಾಕ್ಬೇಕು ಅಂದ್ರೆ ಏನ್ಮಾಡ್ತೀರಿ?"

"ಕೀಳಾಕ ಬರೂದಿಲ್ಲ. ಅದರ ಅಂಚಿಗೆ ಮುಂದಿಂದು ಹೊಲದೀನಿ, ಅದರ ಅಂಚಿಗೆ ಅದರ ಮುಂದಿಂದು. ಒಂದು ಕಿತ್ತರ ಎಲ್ಲಾ ಸುಕ್ಕಾಗಿ ಜಗ್ಗತೈತಿ, ಕಿತ್ತದ್ದು ಹೊರಗ ಕಾಣತೈತಿ."

"ಅಂಗೇ ಕಣಜ್ಜಿ ನಮ್ದೂವೆ. ಬರದಿದ್ದುನ್ನ ಒಂದರ ಅಂಚಿಗೆ ಒಂದು ಹೊಲಿತೀವಿ. ಈ ಕೌದಿ ನಿಮ್ಮೊಬ್ಬರ ಹತ್ರ ಅಲ್ಲ, ಅಂಗೇ ಇರೋದು ಬೀದಿನಾಗೆ ಎಲ್ಲರ ಮನೆಲೂ ಒಂದೊಂದು ಐತೆ ಅಂದ್ಕೊಳ್ಳಿ. ನೀವು ಕದ್ದು ನಿಮ್ದು ಬಿಚ್ಚಿ ಹೊಲಿದ್ರೂ ಮಿಕ್ಕಿದೋರ್ದು ನೋಡಿದ್ರೆ ಗೊತ್ತಾಯ್ತದೆ."

"ಅಷ್ಟೇನ? ಇದಕ್ಕ ಇಷ್ಟು ಮಂದಿ ಬೇಕಾ?"

ಅವಳು ನಕ್ಕಳು. ಅವತ್ತಿನಿಂದ ಅವಳು ನನ್ನಾಕಿ. ಸಂಜಿ ಕೆಲಸ ಮುಗಿಸಿ ಹೋಗುವಾಗ ಹತ್ತು ನಿಮಿಷ ಗೇಟಿನ ಮೆಟ್ಟಲ ಮ್ಯಾಲೆ ನನ್ನ ಸಂಗಡ ಕೂಡುತ್ತಿದ್ದಳು. ಯಾರಾದರೂ "ಯಾರಾದ್ರೂ ಬರ್ಬೇಕಿತ್ತಾ?" ಅಂದರೆ ಅವಳೇ "ಬಂದ್ಬುಟ್ಟೆ ಕಣ್ರೀ" ಅನ್ನುತ್ತಿದ್ದಳು. ನನ್ನ ಒತ್ತಕ್ಷರ ತಿದ್ದುವಾಕಿಯೂ ಅವಳೇ. ಶಾಂತಾ ಡ್ಯೂಟಿಗೆ ಹೋದರೆ ಬರುವುದಕ್ಕೆ ಹೊತ್ತಿಲ್ಲ ಗೊತ್ತಿಲ್ಲ. ಪವಿತ್ರ ಇಲ್ಲದಿದ್ದರೆ ಈ ಊರಿನಾಗ ನನಗೆ ಕುಕ್ಕರಿನ ಸೀಟಿಯೊಂದೇ ಮಾತು.

ಅವಳಿಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆರು ತಿಂಗಳು ನೋಡಿ ಆಮ್ಯಾಲೆ ಹೇಳುತ್ತೇವೆ ಅಂತ ಕರಾರು. ಇದಕ್ಕೂ ಮೊದಲು ಮೂರು ಕಡೆ ಹಿಂಗೇ ನೋಡಿ ನೋಡಿ ಕಳಿಸಿದ್ದರು. ಇಂಗ್ಲೀಷು ಸಾಲದು ಅಂತ ಒಬ್ಬರು, ಇನ್ನೊಂದಷ್ಟು ಅನುಭವ ಬೇಕು ಅಂತ ಒಬ್ಬರು. ಇಲ್ಲಿಯ ಆರು ತಿಂಗಳು ಮುಗಿಯುವುದಕ್ಕೂ ಇವರ ಸಭೆ ಬರುವುದಕ್ಕೂ ಸರಿ ಹೋಯಿತು.

ಸಭೆ ಅಂದರೆ ಇದೇ ಕೆಲಸ ಮಾಡುವ ಬೇರೆ ಬೇರೆ ಊರಿನವರೆಲ್ಲಾ ಕೂಡಿ ಬರುವುದು. ತಾವು ಮಾಡಿದ್ದು ತೋರಿಸುವುದು, ಬೇರೆಯವರದ್ದು ಕೇಳುವುದು. ಅದು ಮೈಸೂರಿನಾಗ ಆಗಬೇಕು, ನಾವೇ ಮಾಡಬೇಕು ಅಂತ ನವೀನನಿಗೆ ನಾಲ್ಕು ಮಂದಿ ಇದ್ದಾಗಿನಿಂದ ಆಸೆ. ಹಿನಕಲ್ಲಿನ ಕಡೆ ಒಂದು ಕಲ್ಯಾಣಮಂಟಪ ಹಿಡಿದರು. ಒಂದು ತಿಂಗಳಿಂದ ಮ್ಯಾಲಿನ ಮನಿಯಲ್ಲಿ ಮದುವಿ ಮನಿಯ ಗದ್ದಲ. ಬೋರ್ಡು, ಬಟ್ಟಿ ಚೀಲ, ಅಂಗಿ, ಯಾರು ಎಷ್ಟು ಹೊತ್ತು ಮಾತಾಡಬೇಕು ಅನ್ನುವ ಜಗಳ. ಉಣ್ಣಲಿಕ್ಕೆ ಬಂದರೂ ತಾಟಿನ ಪಕ್ಕ ಫೋನು. "ಫೋನಿಗೂ ಹಾಕಲೇನು ಪಲ್ಯ?" ಅಂದರೆ ನಗುವುದಿಲ್ಲ.

ಸಭೆಯ ಕಾರ್ಯಕ್ರಮದ ಪಟ್ಟಿಯನ್ನೂ ತಮ್ಮ ಆ ಕೌದಿಯೊಳಗೇ ಹೊಲಿಯಬೇಕು ಅಂತ ಮಾಡಿದರು. ಯಾರು ಯಾವ ಹೊತ್ತಿಗೆ ಮಾತಾಡುತ್ತಾರೆ ಅನ್ನುವುದು ಒಮ್ಮೆ ಬರೆದರೆ ಬರೆದ ಹಂಗೇ, ಅಳಿಸಲಿಕ್ಕಿಲ್ಲ, ಬಂದವರೆಲ್ಲಾ ತಮ್ಮ ಫೋನಿನಾಗ ನೋಡಬಹುದು. ಮಾಡಿ ತೋರಿಸುವುದಕ್ಕೆ ಅದೇ ನಮೂನಿ. ಇವರಲ್ಲಿ ಒಂದು ರೂಢಿ ಅದ. ಒಬ್ಬರು ಬರೆದದ್ದನ್ನು ಬೇರೆ ಇಬ್ಬರು ಕಣ್ಣಿಟ್ಟು ನೋಡಿ ಒಪ್ಪಿದ ಮ್ಯಾಲೇ ಅದು ಒಳಗೆ ಹೋಗಬೇಕು. ನವೀನ ಬರೆದರೂ ಹಂಗೇ. ಈ ರೂಢಿ ಮ್ಯಾಲೇ ನವೀನ ಸಭೆಯೊಳಗೆ ಮಾತಾಡುವವನಿದ್ದ. ನನ್ನ ಅಡಗಿಮನಿ ಬಾಗಿಲಿಗೆ ನಿಂತು ಎರಡು ಸಲ ಒಪ್ಪಿಸಿದ್ದ. "ಎರಡು ಜೊತೆ ಕಣ್ಣು ನೋಡದೆ ನಮ್ಮಲ್ಲಿ ಒಂದು ಅಕ್ಷರಾನೂ ಒಳಗೆ ಹೋಗಲ್ಲ ಅಜ್ಜಿ."

ಸಭೆಗೆ ಇನ್ನೂ ನಾಲ್ಕು ದಿನ ಇತ್ತು. ಒಂದು ಗಂಟೆಗೆ ಎಂದಿನ ಹಂಗ ಕೂಗಿದೆ. ಪವಿತ್ರ ಒಬ್ಬಾಕಿ ಬಿಟ್ಟು ಎಲ್ಲಾರೂ ಬಂದರು, ಉಂಡರು, ಹೋದರು. ಅರ್ಧ ತಾಸಿಗೆ ಮ್ಯಾಲಿಂದ ಒಬ್ಬರ ದನಿಯೂ ಇಲ್ಲ. ಹತ್ತೊಂಬತ್ತು ಮಂದಿ ಇರುವ ಮನಿ ಹಿಂಗ್ಯಾಕೆ ಅಂತ ಮೆಟ್ಟಲ ಕೆಳಗೆ ಹೋಗಿ ನಿಂತೆ. ಆಮ್ಯಾಲೆ ನವೀನನ ದನಿ ಏರಿತು. ಆಮ್ಯಾಲೆ ಪವಿತ್ರ ಕೆಳಗಿಳಿದು ಬಂದಳು. ಮುಖ ಬಾತಿತ್ತು.

"ಏನವಾ, ಏನಾತು?"

"ಅಜ್ಜಿ, ಬೈಬ್ಯಾಡಿ. ನಿಮ್ಮೆಸರು ಒಳಿಕ್ಕೆ ಓಗ್ಬುಡ್ತು."

ಬಿಡಿಸಿ ಕೇಳಿದೆ. ಪಟ್ಟಿಯೊಳಗೆ ಹನ್ನೊಂದೂವರೆಯ ಜಾಗ ಖಾಲಿ ಇತ್ತು. ಬರುತ್ತೇನೆ ಅಂದವನು ಇನ್ನೂ ಖಾತ್ರಿ ಹೇಳಿರಲಿಲ್ಲ. ಬರಿದಾದ ಜಾಗ ತುಂಬಿದರೆ ಹೆಂಗೆ ಕಾಣುತ್ತದೆ ಅಂತ ನೋಡಲಿಕ್ಕೆ ಇವಳು ಕೈಗೆ ಬಂದ ಹೆಸರು ತುಂಬಿದ್ದಾಳೆ. ನೀಲವ್ವ, ವಿಷಯ ರೊಟ್ಟಿ. ಅಭ್ಯಾಸಕ್ಕೆ ಅಂತ ಇವರದ್ದು ಒಂದು ಹುಸಿ ಪಟ್ಟಿ ಬ್ಯಾರೆ ಇರುತ್ತದಂತೆ. ಅದಕ್ಕೆ ಹೋಗಬೇಕಾದ್ದು ಖರೇ ಪಟ್ಟಿಗೆ ಹೋಗಿದೆ. ಹೋಗಿ ಹೊಲಿದುಕೊಂಡಿದೆ. ಇನ್ನು ಕೀಳಲಿಕ್ಕಿಲ್ಲ.

"ರದ್ದು ಅಂತ ಬರೀರಿ."

"ಬರೀಬೌದು ಅಜ್ಜಿ. ಅದು ಕೆಳಗೆ ಇನ್ನೊಂದು ಸಾಲಾಗಿ ಕೂತ್ಕೋತದೆ. ತಪ್ಪೂ ಕಾಣ್ತದೆ, ರದ್ದೂ ಕಾಣ್ತದೆ. ಬರೋರೆಲ್ಲಾ ಇದೇ ಕೆಲ್ಸದೋರು, ಮೊದ್ಲು ನೋಡೋದೇ ಅದ್ನ. ಆಗ್ಲೇ ಬೆಂಗ್ಳೂರಿಂದ ಒಬ್ರು ಕೇಳವ್ರೆ, ನೀಲವ್ವ ಅಂದ್ರೆ ಯಾರು, ಯಾವ್ ಕಂಪ್ನಿ ಅಂತ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ಸಭೆ ಮುಗೀಲಿ, ನಿನ್ ವಿಚಾರ ಆಮೇಲೆ ನೋಡ್ತೀನಿ ಅಂದ್ರು ಸರ್. ಎಲ್ಲರ ಮುಂದೆ ಅಂದ್ರು. ನಾಕನೇ ಕಡೆನೂ ಓಯ್ತು ಅಜ್ಜಿ."

ತಾಟು ಹಾಕಿ ಕೊಟ್ಟೆ. ಮುಟ್ಟಲಿಲ್ಲ. ನಾನು ಒಂದು ಮಾತು ಕೇಳಿದೆ. "ಇಬ್ಬರು ನೋಡಿ ಒಪ್ಪಿದ ಮ್ಯಾಲ ಒಳಗ ಹೋಗೂದು ಅಂತೀರಲ್ಲ. ಇದನ್ನ ಯಾರು ನೋಡಿದ್ರು?"

ಅವಳು ತಾಟು ಆಚೆ ಸರಿಸಿದಳು.

"ಹೇಳವಾ."

"ಕೊಳ್ಳೇಗಾಲದ ಮಂಜು ಒಬ್ಬ. ಇನ್ನೊಬ್ರು ನವೀನ್ ಸರ್. ನೀವು ಕೂಗ್ತಾ ಇದ್ರಿ, ರೊಟ್ಟಿ ಆರತೈತಿ ಅಂತ. ಇಬ್ರೂ ಎದ್ದೇಳ್ತಾ ಒಪ್ಪಿಗೆ ಒತ್ಬುಟ್ರು. ನೋಡ್ನಿಲ್ಲ."

"ನವೀನಗ ಗೊತ್ತೈತೇನ?"

"ಅದ್ರಲ್ಲೇ ಇರ್ತದೆ ಅಜ್ಜಿ, ಯಾರ್ ಒಪ್ಪಿದ್ರು ಅಂತ. ಅವ್ರಿಗೂ ಗೊತ್ತು."

"ಮತ್ತ ನೀ ಯಾಕ ಅನ್ನಲಿಲ್ಲ?"

"ಎಂಗೆ ಏಳ್ಲಿ? ಅವ್ರು ಮಾತಾಡೋದೇ ಅದ್ರ ಮ್ಯಾಲೆ."

ನನಗೆ ಸಿಟ್ಟು ಬಂತು. ನಮ್ಮೂರಾಗಾದರೆ ಆ ಕ್ಷಣಕ್ಕೆ ಅವನ ಮುಂದೆ ನಿಂತು ಅಂದು ಮುಗಿಸುತ್ತಿದ್ದೆ, ನೀವೆಲ್ಲಾ ಕಟ್ಟಿ ಮ್ಯಾಲೆ ಕೂತು ಕೇಳುತ್ತಿದ್ದಿರಿ, ಸಂಜಿಗೆ ಬಗೆಹರಿಯುತ್ತಿತ್ತು. ಇಲ್ಲಿ ಮಂದಿ ಹಂಗೆ ಮುಖಕ್ಕೆ ಅನ್ನುವುದಿಲ್ಲ, ಅನ್ನಿಸಿಕೊಳ್ಳುವುದಿಲ್ಲ. ಬಾಗಿಲು ಹಾಕಿಕೊಂಡು ಬೇಸರ ಮಾಡಿಕೊಳ್ಳುತ್ತಾರೆ. ನಾನು ಜಗಳಕ್ಕೆ ನಿಂತರೆ ಹುಡುಗಿಯೇ ಹೇಳಿ ಕಳಿಸಿದಳು ಅನ್ನುತ್ತಾರೆ. ಇದೂ ನನಗೆ ಮೂರು ವರ್ಷದಾಗ ತಿಳಿದದ್ದು.

ಸಂಜಿ ನವೀನ ತಾನೇ ಬಂದ. ಬಾಗಿಲಿಗೆ ಒರಗಿ ನಿಂತ. ಪಾಪ, ಗಡ್ಡ ಬೋಳಿಸದೆ ವಾರ ಆಗಿತ್ತು.

"ಅಜ್ಜಿ, ಒಂದು ಯಡವಟ್ಟಾಗೋಗಿದೆ. ನಿಮ್ಮ ಹೆಸರು..."

"ಗೊತ್ತಾತು. ನಾ ಮಾತಾಡತೀನಿ."

"ಏನಂದ್ರಿ?"

"ಬರದೀರಿ. ಅಳಸಾಕ ಬರೂದಿಲ್ಲ ಅಂತೀರಿ. ಅಂದಮ್ಯಾಲ ಖರೆ ಮಾಡೂದು. ಹನ್ನೊಂದೂವರಿಗೆ ಅಲ್ಲೇನ?"

"ಅಜ್ಜಿ, ಇನ್ನೂರು ಜನ ಇರ್ತಾರೆ. ಇಂಗ್ಲಿಷ್‌ನೋರು, ಹಿಂದಿಯೋರು..."

"ರೊಟ್ಟಿ ಬಗ್ಗೆ ಅಲ್ಲೇನ ಮಾತಾಡೂದು? ನಿನಗಿಂತ ಚಂದ ಗೊತ್ತೈತಿ ನನಗ. ತಿಳೀದಿದ್ದವರಿಗೆ ನೀವ ಯಾರರ ಹೇಳ್ರಿ."

ಅವನು ಗಡ್ಡ ಕೆರೆದುಕೊಂಡ. "ಸರಿ ಅಜ್ಜಿ" ಅಂದು ಮೆಟ್ಟಲು ಹತ್ತಿದ. ಹುಡುಗಿಯ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಶಾಂತಾಗೆ ಹೇಳಿದರೆ ಮಗಳು ಹಣಿ ಹಣಿ ಬಡಿದುಕೊಂಡಳು. "ಯವ್ವಾ, ನಾಚಿಕಿ ಆಗೂದಿಲ್ಲೇನ? ಮಂದಿ ನಗತಾರ." ನಕ್ಕರೆ ನಗಲಿ, ನನ್ನ ರೊಟ್ಟಿ ನೋಡಿಯೂ ನಕ್ಕಿದ್ದರು ಅಂದೆ. ಅಷ್ಟು ಅಂದರೂ ಸಭೆಯ ದಿನ ತನ್ನ ಡ್ಯೂಟಿ ಬದಲಿ ಮಾಡಿಕೊಂಡು ನನ್ನ ಇಳಕಲ್ಲ ಸೀರಿಗೆ ಇಸ್ತ್ರಿ ಹೊಡೆದು, ತಾನೂ ಬಂದಳು.

ಕಲ್ಯಾಣಮಂಟಪದಾಗ ಹಿಂದಿನ ದಿನದ ಮದುವಿಯ ಹೂವು ಇನ್ನೂ ಕಂಬಕ್ಕೆ ಇದ್ದವು. ವೇದಿಕೆ ಮ್ಯಾಲೆ ಮದುಮಕ್ಕಳು ಕೂಡುವ ಜಾಗದಾಗ ದೊಡ್ಡ ತೆರೆ. ಅಂಗಿಯ ಮ್ಯಾಲೆ ಏನೇನೋ ಬರೆದುಕೊಂಡ ಹುಡುಗರು, ಹುಡುಗಿಯರು, ಎಲ್ಲರ ಕೊರಳಿಗೂ ಒಂದೊಂದು ಚೀಟಿ. ನನ್ನ ಕೊರಳಿಗೂ ಹಾಕಿದರು. ನನಗೆ ಒಳಗೆ ಹೆದರಿಕಿ ಇತ್ತು, ಇಲ್ಲ ಅನ್ನುವುದಿಲ್ಲ. ಮೂರು ಸಲ ಬಚ್ಚಲಿಗೆ ಹೋಗಿ ಬಂದೆ. ಪವಿತ್ರ ಒಂದು ಮೂಲಿಯಲ್ಲಿ ನಿಂತಿದ್ದಳು, ಮುಂದಿನ ಸಾಲಿನಾಗ ನವೀನ.

ಹೆಸರು ಕರೆದರು. ಮೊಣಕಾಲು ಹಿಡಿದುಕೊಂಡು ಹತ್ತಿದೆ. ಕೈಗೆ ಮೈಕು ಕೊಟ್ಟರು.

"ನನ್ನ ಹೆಸರು ನೀಲವ್ವ" ಅಂದೆ. ದನಿ ನಾಲ್ಕೂ ಗೋಡಿಗೆ ಹೋಗಿ ಬಂತು, ನಾನೇ ಬೆಚ್ಚಿದೆ. "ನಾನು ಇವರಿಗೆ ದಿನಾ ಮಧ್ಯಾಹ್ನ ರೊಟ್ಟಿ ಮಾಡಿ ಹಾಕತೀನಿ. ನಿಮ್ಮ ಕೆಲಸ ನನಗ ಬರೂದಿಲ್ಲ. ನನ್ನ ಹೆಸರು ಈ ಪಟ್ಟಿಯೊಳಗ ಯಾಕ ಬಂತು ಅಂತ ನೀವು ಕೇಳಾಕತ್ತೀರಂತ. ತಪ್ಪಿ ಬಂತು. ನಿಮ್ಮ ಮುಂದ ನಿಂತೈತಲ್ಲ, ಇದ ಆ ತಪ್ಪು."

ಕನ್ನಡ ತಿಳಿದವರು ನಕ್ಕರು. ತಿಳಿಯದವರಿಗೆ ಪಕ್ಕದವರು ಹೇಳಿದರು, ಅವರೂ ಒಂದು ಗಳಿಗಿ ತಡೆದು ನಕ್ಕರು. ನಗು ಹಿಂದಿನ ಸಾಲಿನವರೆಗೂ ಸರಿದು ಹೋಗುವುದು ಕಂಡಿತು. ನನಗೆ ಧೈರ್ಯ ಬಂತು.

"ಒಬ್ಬಾಕಿ ಹುಡುಗಿ ಬರದಳು. ಆಕಿ ಗೊತ್ತಾದ ಕೂಡಲೇ ಬಂದು ನನಗ ಹೇಳಿದಳು, ಬಚ್ಚಿಡಲಿಲ್ಲ. ಇಬ್ಬರು ನೋಡಬೇಕಿತ್ತು, ನೋಡಲಾರದ ಒಪ್ಪಿದರು. ಯಾಕಂದ್ರ ನಾನು ಕೆಳಗ ನಿಂತು ರೊಟ್ಟಿ ಆರತೈತಿ ಅಂತ ಒದರಾಕತ್ತಿದ್ದೆ. ಹಸಿದವರಿಗೆ ಕಣ್ಣು ಕಾಣೂದಿಲ್ಲ. ಅಂದಮ್ಯಾಲ ಇದರಾಗ ನಾಲ್ಕು ಮಂದಿದು ಪಾಲೈತಿ, ಒಂದು ಪಾಲು ನಂದು. ಆಕಿ ಒಬ್ಬಾಕಿ ಮೂಲ್ಯಾಗ ನಿಂತಾಳ. ಅದು ಸರಿ ಅಲ್ಲ."

ಹೆಸರು ಹೇಳಬಾರದು ಅಂತ ಮೊದಲೇ ಅಂದುಕೊಂಡಿದ್ದೆ, ಹೇಳಲಿಲ್ಲ. ಸಭೆಯಲ್ಲಿ ನಗು ನಿಂತಿತು. ಶಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಮುಂದಿನ ಸಾಲಿನಾಗ ನವೀನ ಎದ್ದು ನಿಂತ. ಮುಖ ಕೆಂಪಾಗಿತ್ತು. ಮೈಕಿಲ್ಲದೇ ಹೇಳಿದ. "ಒಪ್ಪಿದ ಇಬ್ಬರಲ್ಲಿ ಒಬ್ಬ ನಾನು. ನೋಡ್ಲಿಲ್ಲ. ನಾಲ್ಕು ದಿನದಿಂದ ಗೊತ್ತಿದ್ದೂ ಹೇಳ್ಲಿಲ್ಲ. ಪವಿತ್ರ, ಸಾರಿ ಕಣಮ್ಮ." ಅದನ್ನೇ ಇಂಗ್ಲೀಷಿನಾಗ ಇನ್ನೊಮ್ಮೆ ಹೇಳಿದ. ಅವನ ಹಿಂದೆ ಮಂಜು ಎದ್ದು ಕೈ ಎತ್ತಿದ. ಮೂಲಿಯಲ್ಲಿದ್ದ ಹುಡುಗಿ ಗೋಡಿ ಕಡೆ ಮುಖ ತಿರುಗಿಸಿಕೊಂಡಳು.

ಹಿಂದಿನಿಂದ ಒಬ್ಬ ಗಡ್ಡದವನು ಕೇಳಿದ, "ಅಜ್ಜಿ, ನಿಮ್ಮ ರೊಟ್ಟಿ ತಪ್ಪಾದ್ರೆ ಏನ್ಮಾಡ್ತೀರಾ?"

"ಹರದದ್ದು ನಾ ತಿಂತೀನಿ. ಛಲೋದು ಮಂದಿಗೆ ಹಾಕತೀನಿ."

ಅದಕ್ಕೆ ಚಪ್ಪಾಳಿ ಯಾಕೆ ಹೊಡೆದರೋ ನನಗೆ ತಿಳಿಯಲಿಲ್ಲ. ಎಲ್ಲಾ ಹೆಂಗಸರೂ ಅದನ್ನೇ ಮಾಡುವುದು.

ಮೈಕು ಕೊಟ್ಟು ತಿರುಗಿದೆ. ಆಗ ಹಿಂದಿದ್ದ ತೆರೆ ಕಂಡಿತು. ಇಷ್ಟೆತ್ತರದ ಅಕ್ಷರ. ನಾನು ಜಲ್ದಿ ಓದುವಾಕಿ ಅಲ್ಲ, ಒಂದೊಂದೇ ಕೂಡಿಸಿಕೊಂಡೆ. ನೀಲವ್ವ. ರೊಟ್ಟಿ. ಅದರ ಕೆಳಗೆ, ಮೈಸೂರು.

ಮಧ್ಯಾಹ್ನದ ಮ್ಯಾಲೆ ಪವಿತ್ರಳ ಅಪ್ಪನ ಆಟೋದಾಗ ಮನಿಗೆ ಹೊರಟೆವು. ಶಾಂತಾ ಬೇಡ ಅಂದರೂ ಅವನು ಚಾಮುಂಡಿ ಬೆಟ್ಟ ಕಾಣುವ ದಾರಿ ಹಿಡಿದು ಸುತ್ತು ಹಾಕಿಸಿ ತಂದ. ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು, ಮಗಳ ಕೆಲಸ ಖಾಯಂ ಅಂತ. ಊಟದ ಪಂಕ್ತಿಯಲ್ಲೇ ನವೀನ ಹೇಳಿದ್ದ. ಕಾಗದ ಇನ್ನೂ ಕೊಟ್ಟಿರಲಿಲ್ಲ, ಕೊಡಲಿಲ್ಲ ಅಂದರೆ ರೊಟ್ಟಿ ಇಲ್ಲ ಅಂತ ನಾನೂ ಹೇಳಿ ಬಂದಿದ್ದೆ. ಹುಡುಗಿ ನನ್ನ ಹೆಗಲಿಗೆ ತಲಿ ಇಟ್ಟು ಕೂತಿದ್ದಳು. ಭಾರ ಆದರೂ ಸರಿಸಲಿಲ್ಲ.

"ಮೈಸೂರು ಅಂತ ಬರಿ ಅಂದವರ್ಯಾರು ನಿನಗ?" ಅಂದೆ.

"ಯಾರೂ ಅನ್ನಿಲ್ಲ ಅಜ್ಜಿ. ಪಟ್ಟಿನಾಗೆ ಊರು ಅಂತ ತುಂಬೋಕೆ ಒಂದು ಮನೆ ಇತ್ತು, ಖಾಲಿ ಬುಟ್ರೆ ಮುಂದಕ್ಕೆ ಓಯ್ತಿರ್ನಿಲ್ಲ. ಗೇಟತ್ರ ಕೂತಿರ್ತೀರಲ್ಲ, ಅದೇ ಕಣ್ಮುಂದೆ ಬಂತು. ಬರದ್ಬುಟ್ಟೆ."

"ನನ್ನೂರು ಅದಲ್ಲ."

"ಗೊತ್ತು ಅಜ್ಜಿ. ಅಳಿಸೋಕಾಗಲ್ಲ, ಆದ್ರೆ ತಿದ್ದುಪಡಿ ಅಂತ ಕೆಳಗೊಂದು ಸಾಲು ಆಕ್ಬೌದು. ಎರಡೂ ಇರ್ತದೆ. ಆಕ್ಲಾ?"

ಊರ ಹೆಸರು ನಾನೇ ಬರೆದು ಕೊಡುತ್ತೇನೆ ಅಂದೆ. ಮನಿಗೆ ಬಂದು ಚೀಟಿಯಲ್ಲಿ ಬರೆದೆ, ತಾಲೂಕು ಜಿಲ್ಲಾ ಸಹಿತ. ಒಂದೂ ಒತ್ತಕ್ಷರ ತಪ್ಪಿರಲಿಲ್ಲ.

ನಿಮಗೆ ಮುಚ್ಚಿಟ್ಟು ಏನು ಮಾಡಲಿ, ಅದ ಹೇಳಲಿಕ್ಕೆ ಇಷ್ಟು ಹಾಳೆ ತುಂಬಿಸಿದೆ. ನನ್ನ ವೋಟು ಅಲ್ಲಿದೆ. ರೇಷನ್ ಕಾರ್ಡಿನಾಗ ಹೆಸರು ಅಲ್ಲಿದೆ. ಯಜಮಾನನನ್ನು ಮಣ್ಣು ಮಾಡಿದ್ದು ಅಲ್ಲಿ. ಅಕ್ಕ ಯಲ್ಲವ್ವ ವಾರಕ್ಕೊಮ್ಮೆ ಫೋನು ಮಾಡಿ ಯಾವಾಗ ಬರತಿ ಅಂತಾಳೆ, ಬರತೀನಿ ಅಂತೀನಿ, ಸುಳ್ಳು ಹೇಳುವುದಿಲ್ಲ, ಬರುವಾಕಿಯೇ. ಆದರೆ ಆ ಚೀಟಿ ಬರೆದು ಇಪ್ಪತ್ತು ದಿನ ಆಯಿತು, ಇನ್ನೂ ನನ್ನ ಹತ್ತಿರವೇ ಅದ. ಮೊದಲನೇ ದಿನ ಹುಡುಗಿ ಬಂದು ಕೇಳಿದಾಗ ತಡಿ, ಸರಿ ಬರೆದೀನೋ ಇಲ್ಲೋ ನೋಡಬೇಕು ಅಂದೆ. ಆಮ್ಯಾಲೆ ಕೇಳಿದಾಗ ಕಣ್ಣಿನ ಚಾಳೀಸು ಸಿಗಲಿಲ್ಲ ಅಂದೆ. ಅವಳೂ ಬಿಡುವಾಕಿ ಅಲ್ಲ, ದಿನಾ ಊಟ ಮುಗಿಸಿ ತಾಟು ತೊಳೆದಿಟ್ಟು ಕೇಳುತ್ತಾಳೆ.

ಇವತ್ತೂ ಕೇಳಿದಳು. "ಆಕ್ಬುಡ್ಲಾ ಅಜ್ಜಿ?"

ಹಿಟ್ಟು ನಾದುತ್ತಿದ್ದೆ. ಕೈ ಬಿಡುವಿಲ್ಲ, ನಾಳೆ ಬಾ ಅಂದೆ.